ಬೀರೂರು ತಂಡಕ್ಕೆ ಮುಂಗಡ ಸನ್ಮಾನ

ಬೀರೂರು ಕಬಡ್ಡಿ ತಂಡವು ಈ ವರ್ಷ ಆಡಿದ ಪಂದ್ಯಗಳನ್ನೆಲ್ಲ ಗೆದ್ದು, ಕೊನೆಯದೊಂದನ್ನು ಮಾತ್ರ ಸೋತಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಮೂರು ತಾಲ್ಲೂಕು ಕಬಡ್ಡಿ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ. ಆದ್ದರಿಂದ ಯಾರ ಮೇಲೂ ತಪ್ಪು ಹೊರಿಸದೆ, ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಸೇರಿ ನಡೆಸುವ ಲೀಗ್ ಇದು. ಆಟಗಾರರಿಗೆ ಸಂಬಳವಿದೆ, ತಂಡಗಳಿಗೆ ಮಾಲೀಕರಿದ್ದಾರೆ. ಬೀರೂರು ತಂಡದ ಮಾಲೀಕರು ದತ್ತಾತ್ರಿಯವರು. ಸಮಿತಿಯ ಅಧ್ಯಕ್ಷರೂ ಅವರೇ. ಎರಡೂ ಕುರ್ಚಿಯಲ್ಲಿ ಒಬ್ಬರೇ ಕೂತರೆ ಜಗಳಕ್ಕೆ ಅವಕಾಶವಿಲ್ಲ ಎಂಬುದು ಸಮಿತಿಯ ಅನುಭವ.

ತಂಡದ ನಾಯಕ ಯಗಟಿ ಕಡೆಯ ಹೊನ್ನೇಶ್. ನಾಲ್ಕು ಜನ ಹಿಡಿದರೆ ನಾಲ್ವರನ್ನೂ ಎಳೆದುಕೊಂಡು ಬಂದು ಗೆರೆ ಮುಟ್ಟುವ ಆಸಾಮಿ. ಇವನ ಒಂದು ಕಾಲು ಕಟ್ಟಿ ಆಡಿಸಬೇಕೆಂದು ತರೀಕೆರೆ ತಂಡದವರು ಅರ್ಜಿ ಕೊಟ್ಟಿದ್ದರು. ಯಾವ ಕಾಲು ಎಂದು ನಮೂದಿಸಿಲ್ಲವೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.

ತಂಡ ಅಭ್ಯಾಸ ಮಾಡುತ್ತಿದ್ದುದು ಬೀರೂರಿನಲ್ಲಿ ರೈಲು ಹಳಿಯ ಪಕ್ಕದ ಮಣ್ಣಿನ ಮೈದಾನದಲ್ಲಿ. ಬೆಳಿಗ್ಗೆ ಹೊನ್ನೇಶನ ತಂಡ, ಸಂಜೆ ಅವನ ತಂಗಿ ಸ್ಪೂರ್ತಿಯ ಹೆಣ್ಣುಮಕ್ಕಳ ತಂಡ. ಮೈದಾನ ಸಮಿತಿಯ ಸ್ವತ್ತು. ಅಲ್ಲಿ ಯಾರೂ ಏನನ್ನೂ ಮಾರುತ್ತಿಲ್ಲ, ಕೊಳ್ಳುತ್ತಿಲ್ಲ, ಸುಮ್ಮನೆ ಓಡಾಡುತ್ತಿದ್ದಾರೆ ಎಂಬುದು ಸಮಿತಿಯ ಗಮನಕ್ಕೆ ಬಂತು. ಕೂಡಲೇ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಠರಾವಾಯಿತು. ಗುತ್ತಿಗೆ ಸೀತಾದೇವಿ ಎಂಬುವವರ ಸಂಸ್ಥೆಗೆ ಸಿಕ್ಕಿತು. ಸೀತಾದೇವಿಯವರು ಅಧ್ಯಕ್ಷರ ಧರ್ಮಪತ್ನಿಯಾಗಿರುವುದು ಕಾಕತಾಳೀಯವೆಂದು ಅದೇ ಸಭೆಯಲ್ಲಿ ಇನ್ನೊಂದು ಠರಾವಾಯಿತು.

ಜನ ಸಮಿತಿಯ ಕಚೇರಿ ಮುಂದೆ ಧರಣಿ ಕೂತರು. ಆಗ ದತ್ತಾತ್ರಿಯವರು ಹೊರಗೆ ಬಂದು, ದೊಡ್ಡ ಮನಸ್ಸು ಮಾಡಿ ಒಂದು ಷರತ್ತು ಘೋಷಿಸಿದರು. ಬೀರೂರು ತಂಡ ಈ ಸಲ ಕಪ್ ಗೆದ್ದರೆ ಮೈದಾನ ಮೈದಾನವಾಗಿಯೇ ಉಳಿಯತಕ್ಕದ್ದು. ಗೆಲ್ಲದಿದ್ದರೆ ಸಂಕೀರ್ಣ. ಜನ ಚಪ್ಪಾಳೆ ತಟ್ಟಿ ಎದ್ದುಹೋದರು. ಲೀಗ್ ಆಗಿನ್ನೂ ಶುರುವಾಗಿರಲಿಲ್ಲ. ತಂಡ ಇಷ್ಟು ಚೆನ್ನಾಗಿ ಆಡುತ್ತದೆಂದು ಅದರ ಮಾಲೀಕರಿಗೇ ಗೊತ್ತಿರಲಿಲ್ಲ.

ತಂಡ ಗೆಲ್ಲುತ್ತಾ ಹೋಯಿತು. ಗೆದ್ದಷ್ಟೂ ಮಾಲೀಕರಿಗೆ ಆಟಗಾರರ ಆರೋಗ್ಯದ ಚಿಂತೆ ಹೆಚ್ಚಿತು. ಒಂದೊಂದು ಪಂದ್ಯ ಮುಗಿದಾಗಲೂ ಹೊನ್ನೇಶನ ಬೆನ್ನು ಸವರಿ, ಇಷ್ಟೊಂದು ದಣಿಯೋದು ಯಾಕಪ್ಪಾ, ನಿಂಗೂ ಹೆಂಡ್ತಿ ಮಕ್ಕಳಾಗಬೇಕು, ಸ್ವಲ್ಪ ನಿಧಾನವಾಗಿ ಆಡಬಾರದಾ ಎಂದು ಕೇಳುತ್ತಿದ್ದರು. ಹೊನ್ನೇಶ್ ಇದನ್ನು ಪ್ರೀತಿಯೆಂದೇ ತಿಳಿದು ಇನ್ನೂ ಜೋರಾಗಿ ಆಡಿದ.

ತರೀಕೆರೆಯಲ್ಲಿ ನಡೆಯುವ ಫೈನಲ್‌ನಲ್ಲಿ ಎದುರಾಳಿ ಲಿಂಗದಹಳ್ಳಿ. ಈ ತಂಡ ಬೀರೂರಿನವರ ಮೇಲೆ ಒಂದು ಸಲವೂ ಗೆದ್ದದ್ದಿಲ್ಲ. ಫೈನಲ್‌ಗೆ ಮುಂಚೆ ಸಮಿತಿಯ ಕಾರ್ಯದರ್ಶಿ ಷಣ್ಮುಖಪ್ಪನವರು ಮೂರೂ ತಾಲ್ಲೂಕಿನಲ್ಲಿ ಈ ಪ್ರಕಟಣೆ ಹಚ್ಚಿಸಿದರು:

"ಬೀರೂರು ತಂಡವು ಚಾಂಪಿಯನ್ ಆಗುವುದು ಖಚಿತವಾಗಿದ್ದು, ಮುಖ್ಯ ಅತಿಥಿಗಳಿಗೆ ಮುಂದೆ ಬಿಡುವಿಲ್ಲದ ಕಾರಣ, ಸದರಿ ತಂಡಕ್ಕೆ ಫೈನಲ್ ದಿನವೇ ಪಂದ್ಯಕ್ಕೆ ಮುಂಚಿತವಾಗಿ ವಿಜಯೋತ್ಸವ ಮತ್ತು ಸನ್ಮಾನ ಏರ್ಪಡಿಸಲಾಗಿದೆ. ಸನ್ಮಾನವನ್ನಾಗಲಿ, ಸನ್ಮಾನದ ಊಟವನ್ನಾಗಲಿ ನಿರಾಕರಿಸುವ ಆಟಗಾರನನ್ನು ಅಶಿಸ್ತಿನವನೆಂದು ಪರಿಗಣಿಸಿ ಪಂದ್ಯದಿಂದ ಕೈಬಿಡತಕ್ಕದ್ದು."

ಮೊದಲ ಸನ್ಮಾನ ಕಡೂರಿನಲ್ಲಿ. ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಅಭಿನಂದನಾ ಪತ್ರ ಓದಿದವರು ಕಬಡ್ಡಿಯ ಚರಿತ್ರೆಯನ್ನು ಪಾಂಡವರಿಂದ ಹಿಡಿದರು. ಆಮೇಲೆ ಕಾಯಿ ಹೋಳಿಗೆ, ಅದರ ಮೇಲೆ ತುಪ್ಪ. ಅಲ್ಲಿಂದ ತೆರೆದ ಟ್ರ್ಯಾಕ್ಟರಿನಲ್ಲಿ ಬೀರೂರಿಗೆ ಮೆರವಣಿಗೆ, ಉರಿಬಿಸಿಲು, ಪೇಟದ ಮೇಲೆ ಇನ್ನೊಂದು ಪೇಟ, ಬೆಣ್ಣೆ ದೋಸೆ, ಕೇಸರಿಬಾತು. ಅಲ್ಲಿಂದ ಅಜ್ಜಂಪುರಕ್ಕೆ.

ಅಜ್ಜಂಪುರದಲ್ಲಿ ಎಲೆ ಹಾಕಿ ಮುದ್ದೆ, ನಾಟಿಕೋಳಿ ಸಾರು ಬಡಿಸಿದರು. ಹೊನ್ನೇಶ್ ಎಲೆ ಮುಂದೆ ಕೂತು ಸಾಕೆಂದು ಕೈ ಮುಗಿದ. ಟ್ರ್ಯಾಕ್ಟರಿನ ಹಿಂದೆಯೇ ಬಸ್ಸಿನಲ್ಲಿ ಬಂದಿದ್ದ ಸ್ಪೂರ್ತಿ ಅವನ ಹಿಂದೆ ನಿಂತಿದ್ದಳು.

"ಉಣ್ಣಬೇಡ ಕಣಣ್ಣ," ಅಂದಳು. "ಇವರು ನಿಂಗೆ ಉಣ್ಣಾಕೆ ಇಕ್ತಾ ಇಲ್ಲ, ನಮ್ಮ ಮೈದಾನಕ್ಕೆ ಎಡೆ ಇಕ್ತಾವ್ರೆ."

ಷಣ್ಮುಖಪ್ಪನವರು ಪ್ರಕಟಣೆಯ ಪ್ರತಿಯನ್ನು ಜೇಬಿನಿಂದ ತೆಗೆದರು. "ನೋಡಪ್ಪಾ ಹೊನ್ನೇಶ, ಬಲವಂತ ಇಲ್ಲ. ಉಂಡರೆ ಆಡ್ತೀಯ. ಉಣ್ಣದಿದ್ರೆ ಮನೆಗೋಗ್ತೀಯ. ಆಯ್ಕೆ ನಿಂದೇ."

ಉಂಡರೆ ಓಡಲು ಆಗುವುದಿಲ್ಲ. ಉಣ್ಣದಿದ್ದರೆ ಆಡಲು ಬಿಡುವುದಿಲ್ಲ. ಹೊನ್ನೇಶ್ ತಂಗಿಯ ಕಡೆ ತಿರುಗಿದ. "ಆಡದೆ ಸೋಲೋದಕ್ಕಿಂತ ಉಂಡು ಸೋಲ್ತೀನಿ ಬಿಡೇ," ಅಂದು ಮುದ್ದೆ ಮುರಿದ. ಎರಡನೇ ಮುದ್ದೆಯನ್ನು ದತ್ತಾತ್ರಿಯವರು ತಾವೇ ಬಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಖಾರಕ್ಕೆ ಇರಬಹುದು.

ತರೀಕೆರೆಯಲ್ಲಿ ಪಂದ್ಯ ಶುರುವಾದಾಗ ಮುಖ್ಯ ಅತಿಥಿಗಳು ವೇದಿಕೆಯಲ್ಲೇ ಇದ್ದರು. ಅವರು ಎದ್ದುಹೋಗುವ ತನಕ ಅವರು ಹೊದಿಸಿದ್ದನ್ನು ತೆಗೆಯುವುದು ಅಗೌರವ. ಹೀಗಾಗಿ ಮೊದಲರ್ಧವನ್ನು ಬೀರೂರು ತಂಡ ಪೇಟ, ಶಾಲು ಸಮೇತ ಆಡಿತು. ಶಾಲು ಮುಟ್ಟಿದರೂ ಮೈ ಮುಟ್ಟಿದ ಹಾಗೆಯೇ ಎಂದು ರೆಫರಿ ತೀರ್ಪು ಕೊಟ್ಟರು. ಲಿಂಗದಹಳ್ಳಿಯವರು ಓಡಬೇಕಾಗಲೇ ಇಲ್ಲ. ನಿಂತಲ್ಲೇ ಶಾಲಿನ ಅಂಚು ಹಿಡಿದರು.

ದ್ವಿತೀಯಾರ್ಧದಲ್ಲಿ ಅತಿಥಿಗಳು ಎದ್ದರು, ಪೇಟಗಳು ಇಳಿದವು. ಹೊನ್ನೇಶನ ತಂಡ ಅಷ್ಟೂ ಊಟವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಒಂದೊಂದು ಅಂಕ ಎಳೆದು ತಂದಿತು. ಕೊನೆಯ ರೈಡ್ ಹೊತ್ತಿಗೆ ಒಂದೇ ಅಂಕದ ಹಿನ್ನಡೆ. ಹೊನ್ನೇಶ್ ಕಬಡ್ಡಿ ಕಬಡ್ಡಿ ಎನ್ನುತ್ತಾ ನುಗ್ಗಿ ಇಬ್ಬರನ್ನು ಮುಟ್ಟಿದ. ಹಿಡಿದವರನ್ನು ಎಳೆದುಕೊಂಡು ತಿರುಗಿದ. ಗೆರೆಗೆ ಇನ್ನೊಂದು ಗೇಣು. ಅಲ್ಲಿ ಅವನಿಗೆ ತೇಗು ಬಂತು.

ತೇಗು ಕಬಡ್ಡಿ ಎಂಬ ಪದವಲ್ಲ, ಆದ್ದರಿಂದ ಉಸಿರು ಮುರಿದಂತಾಯಿತು ಎಂದು ರೆಫರಿ ಸೀಟಿ ಊದಿದರು. ನಿಯಮದ ಪ್ರಕಾರ ಅದು ಸರಿಯೇ.

ಲಿಂಗದಹಳ್ಳಿ ನಾಯಕ ಮೋಹನ್ ಕಪ್ ಎತ್ತುವ ಮೊದಲು ಹೊನ್ನೇಶನ ಹತ್ತಿರ ಬಂದ. "ಅಣ್ಣಾ, ನಾವು ಗೆದ್ದಿಲ್ಲ. ನಿಮ್ಮ ಅಡಿಗೆಯವರು ಗೆದ್ರು," ಅಂದ. ಕಪ್ಪನ್ನು ಮಾತ್ರ ತೆಗೆದುಕೊಂಡು ಹೋದ.

ತನಿಖೆಗೆ ದತ್ತಾತ್ರಿಯವರೇ ಒಂದು ಉಪಸಮಿತಿ ರಚಿಸಿ ಅದರ ಅಧ್ಯಕ್ಷತೆ ವಹಿಸಿದರು. ಆಟಗಾರರು ಊಟದಲ್ಲಿ ಮಿತಿ ಕಾಯ್ದುಕೊಳ್ಳಲಿಲ್ಲ ಎಂಬುದು ವರದಿಯ ಸಾರ. ಆದರೂ ಸಮಿತಿ ಅವರನ್ನು ಕ್ಷಮಿಸಿತು. ಕ್ಷಮೆಗಾಗಿ ಆಟಗಾರರಿಂದ ಸಮಿತಿಗೆ ಒಂದು ಸನ್ಮಾನವೂ ನಡೆಯಿತು.

ಮೈದಾನದಲ್ಲಿ ಸಂಕೀರ್ಣ ಎದ್ದಿತು. ಅದಕ್ಕೆ 'ಚಾಂಪಿಯನ್ಸ್ ಕಾಂಪ್ಲೆಕ್ಸ್' ಎಂದು ಹೆಸರಿಟ್ಟರು. ಮೊದಲು ಧರಣಿ ಕೂತಿದ್ದವರಲ್ಲಿ ಹಲವರು ಅಲ್ಲಿ ಮಳಿಗೆ ಹಿಡಿದರು. ಈಚೆಗೆ ಲಿಂಗದಹಳ್ಳಿಯ ಹಿರಿಯರು ಮೋಹನ್‌ನನ್ನು ಕರೆಸಿ, ನೀನು ಗೆದ್ದಿದ್ದರಿಂದ ನಮ್ಮೂರಿಗೆ ಒಂದು ಕಾಂಪ್ಲೆಕ್ಸ್ ಇಲ್ಲದಂಗಾಯ್ತಲ್ಲೋ ಎಂದು ಬೈದರೆಂದು ಸುದ್ದಿ.

ಉದ್ಘಾಟನೆಯ ದಿನ ಸ್ಪೂರ್ತಿ ವೇದಿಕೆಯ ಮುಂದೆ ಬಂದು ನಿಂತಳು. "ನಾವೆಲ್ಲಿ ಆಡೋದು ಸಾರ್?"

"ಮೇಲೆ ಟೆರೇಸ್ ಐತಲ್ಲಮ್ಮಾ," ಎಂದರು ದತ್ತಾತ್ರಿಯವರು. "ಗಾಳಿ ಚೆನ್ನಾಗಿ ಬರ್ತದೆ."

ಟೆರೇಸಿಗೆ ನಿಯಮಗಳಾದವು. ಓಡತಕ್ಕದ್ದಲ್ಲ, ಕೆಳಗಿನ ಬಟ್ಟೆ ಅಂಗಡಿಯ ಸೀಲಿಂಗ್ ಅದುರುತ್ತದೆ. ಬೀಳತಕ್ಕದ್ದಲ್ಲ, ಕೆಡವತಕ್ಕದ್ದಲ್ಲ. ಕಬಡ್ಡಿ ಎಂದು ಬಾಯಿಬಿಟ್ಟು ಹೇಳತಕ್ಕದ್ದಲ್ಲ, ಗಿರಾಕಿಗಳಿಗೆ ತೊಂದರೆ.

ಹೊನ್ನೇಶ್ ನಿಯಮಗಳನ್ನು ಎರಡು ಸಲ ಓದಿ ಸಹಿ ಹಾಕಿದ. ಸ್ಪೂರ್ತಿ ಓದದೆ ಸಹಿ ಹಾಕಿದಳು. ಈಗ ಬೆಳಿಗ್ಗೆ ಅವನ ತಂಡ, ಸಂಜೆ ಅವಳ ತಂಡ, ಟೆರೇಸಿನ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆದು, ತುಟಿ ಮಾತ್ರ ಅಲ್ಲಾಡಿಸುತ್ತಾ, ಒಬ್ಬರನ್ನೊಬ್ಬರು ಮೃದುವಾಗಿ ಮುಟ್ಟಿ ವಾಪಸ್ ಬರುತ್ತಾರೆ. ಕೆಳಗೆ ಬಸ್ಸಿಗೆ ಕಾಯುವ ಜನ ತಲೆಯೆತ್ತಿ ನೋಡಿ, ಈ ಸಲವೂ ಕಪ್ ನಮ್ಮದೇ ಎಂದು ಮಾತಾಡಿಕೊಳ್ಳುತ್ತಾರೆ.