ಮಾಮಾನ ಒಂದೇ ಒಂದು ಇಂಗ್ಲಿಷ್ ಶಬ್ದ

ನಮ್ಮ ಮಾಮಾ ಇಂಗ್ಲಿಷಿನಲ್ಲಿ ಮಹಾಪಂಡಿತರು. ನಗಬೇಡಿ! ಅವರಿಗೆ ಬರುತ್ತಿದ್ದುದು ಒಂದೇ ಒಂದು ಶಬ್ದ, ನಿಜ. ಆದರೆ ಅದನ್ನು ಬಳಸುವುದರಲ್ಲಿ ಯಾವ ದೊರೆಯೂ ಅವರಿಗೆ ಸಾಟಿಯಾಗಿರಲಿಲ್ಲ.

ಆಗ ನಿಜಾಮರ ಕಾಲ. ಮಾಮಾ ಸಾಲೆಯಲ್ಲಿ ಕಲಿತದ್ದು ಉರ್ದು. ಒಮ್ಮೆ ಕೊಪ್ಪಳ ಸ್ಟೇಷನ್ನಿನಲ್ಲಿ ಗಾರ್ಡೊಬ್ಬ, ಜನ ಕಂಡಕಂಡಲ್ಲಿ ಎಲೆಅಡಿಕೆ ಉಗುಳುತ್ತಾರೆಂದು ಸಿಟ್ಟಾಗಿ "ಇಂಡಿಸ್ಕ್ರಿಮಿನೇಟ್ಲಿ!" ಎಂದು ಒದರಿದನಂತೆ. ಮಾಮಾಗೆ ಆ ಉದ್ದನೆಯ ಶಬ್ದದ ಮೇಲೆ ಮನಸ್ಸಾಯಿತು. ಗಾರ್ಡನ ಬೆನ್ನು ಬಿದ್ದು ಅರ್ಥ ಕೇಳಿಕೊಂಡರು: ಇಲ್ಲಿ ಅಲ್ಲಿ, ಇವರು ಅವರು ಎಂದು ನೋಡದೆ ಮಾಡುವುದು. ಗಂಗಾವತಿಗೆ ಮರಳಿದವರೇ ಪಣ ತೊಟ್ಟರು. ದಿನಕ್ಕೊಮ್ಮೆಯಾದರೂ ಅದನ್ನು ಆಡಿಯೇ ಸೈ!

"ಅಲ್ಲಾ, ಇವತ್ತ ಸಾರಿಗೆ ಖಾರ ಇಂಡಿಸ್ಕ್ರಿಮಿನೇಟ್ಲಿ ಹಾಕೀಯಲ್ಲ!"

ಮಾಮಾನ ಹೆಂಡತಿ, ನಮ್ಮ ಅತ್ತಿ, ಸೌಟು ಹಿಡಿದೇ ಹೊರಬಂದರು. "ಬಯ್ಯೋದಿದ್ರ ಕನ್ನಡದಾಗ ಮರ್ಯಾದಿಲೆ ಬಯ್ರಿ!"

ಊರಿಗೆ ಬಂದ ತಹಶೀಲ್ದಾರರನ್ನಾದರೂ ಬಿಟ್ಟರೇ? "ಸಾಹೇಬ್ರ, ನಿಮ್ಮ ಜವಾನ್ರು ಮಂದಿ ಕೋಳಿ ಇಂಡಿಸ್ಕ್ರಿಮಿನೇಟ್ಲಿ ಒಯ್ಯಾಕತ್ಯಾರ." ಸಾಹೇಬರಿಗೆ ಅರ್ಥವಾಗಲಿಲ್ಲ. ಕೇಳಿದರೆ ಮಾನ ಹೋಗುತ್ತದಲ್ಲ! ಗಂಭೀರವಾಗಿ ತಲೆದೂಗಿ, ಭಾಳ ಛಲೋ ಎಂಬಂತೆ "ಬಹುತ್ ಖೂಬ್" ಎಂದರು.

ಹೀಗಿರುವಾಗ ಮಾಮಾನ ಮಗಳ ಮದುವೆ ಬಂತು. ಬೀಗರು ಕುಷ್ಟಗಿಯವರು. ನಮ್ಮವ್ವ ಮಾಮಾನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಎತ್ತಿ ಆಡಿಸಿದ ಹುಡುಗಿಗೆ ತಾನೂ ಅರಿಷಿಣ ಹಚ್ಚಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೋ! ಆದರೂ ಅರಿಷಿಣದ ಹೊತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

ಮಾಮಾ ಎಲ್ಲರೆದುರು ಹೇಳಿಬಿಟ್ಟರು: "ಹೆಣ್ಮಕ್ಕಳೆಲ್ಲಾ ಹಚ್ಚಬೇಕು, ಇಂಡಿಸ್ಕ್ರಿಮಿನೇಟ್ಲಿ! ಮೊದಲ ನಮ್ಮಕ್ಕ."

ಬೀಗರ ಮುಖ ಕಪ್ಪಿಟ್ಟಿತು. "ಮುತ್ತೈದೇರಷ್ಟ ಹಚ್ಚಲಿ. ಇಲ್ಲಂದ್ರ ನಾವು ಬಂಡಿ ಹೂಡತೀವಿ."

"ಹೂಡ್ರಿ. ನಮ್ಮಕ್ಕ ಹಚ್ಚದ ಅರಿಷಿಣ ನನ್ನ ಮಗಳಿಗೆ ಬ್ಯಾಡ."

ಮಾಮಾ ಒಂದು ಹೆಜ್ಜೆಯೂ ಕದಲಲಿಲ್ಲ. ಬಾಗಿಲ ಹಿಂದೆ ಅವ್ವ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು.

ಆಗ ವರನ ಅಜ್ಜಿ ಗೋಡೆ ಹಿಡಿದು ಎದ್ದಳು. ಬರಿ ಹಣೆಯ ಮುದುಕಿ. "ತಾಯಿಲ್ಲದ ಮೊಮ್ಮಗನ್ನ ಸಾಕಿದಾಕಿ ನಾನು. ಹಂಗಾದ್ರ ನಾನೂ ಹಚ್ಚಲೇನೋ ತಮ್ಮಾ?"

ಮಾಮಾ ಅರಿಷಿಣದ ಬಟ್ಟಲನ್ನು ಅವಳ ಮುಂದೆ ಹಿಡಿದರು. ಬೀಗರು ತಲೆ ತಗ್ಗಿಸಿದರು.

ಅಜ್ಜಿ ಬಟ್ಟಲಿಗೆ ಕೈ ಅದ್ದಿ ಸೀದಾ ಅಡುಗೆಮನೆಯ ಬಾಗಿಲಿಗೆ ಹೋದಳು. "ಬಾ ಯವ್ವಾ" ಎಂದು, ಮದುಮಗಳಿಗಿಂತ ಮೊದಲು ನಮ್ಮವ್ವನ ಎರಡೂ ಕೆನ್ನೆಗೆ ಅರಿಷಿಣ ಹಚ್ಚಿದಳು.