ಇನ್ನೂರು ಜನರಿಗೆ ಒಂದೇ ಫೈಲು

ಎಲ್ಲಿ ಏನು ಕೆಟ್ಟರೂ ಅದು ಯಾರಿಂದ ಕೆಟ್ಟಿತೆಂದು ನನಗೆ ತಕ್ಷಣ ಹೊಳೆದುಬಿಡುತ್ತದೆ. ಹಾಲು ಉಕ್ಕಿದರೆ ಹೆಂಡತಿಯಿಂದ, ನಲ್ಲಿ ಸೋರಿದರೆ ಸರ್ಕಾರದಿಂದ. ದೆಹಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸ್ ಹೆಂಡತಿಯ ಸರ್ಕಾರಿ ನೌಕರಿಗೆ ಸಿಕ್ಕಿದ್ದಾದ್ದರಿಂದ ಎರಡನೆಯದನ್ನೂ ಅವಳ ತಲೆಗೇ ಕಟ್ಟುತ್ತಿದ್ದೆ. ನನ್ನಿಂದ ಮಾತ್ರ ಮನೆಯಲ್ಲಿ ಏನೂ ಕೆಡುವುದಿಲ್ಲ. ಏನಾದರೂ ಮಾಡಿದರೆ ತಾನೇ ಕೆಡುವುದು ಎಂದು ಅವಳು ಗೊಣಗುತ್ತಾಳೆ. ಅದು ಬೇರೆ ವಿಷಯ.

ಆಗ ನಾನು ಗುರ್ಗಾಂವ್‌ನ ಕಚೇರಿಯೊಂದರಲ್ಲಿ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಸುವ ವಿಭಾಗದ ಮೇಲ್ವಿಚಾರಕ. ಒಬ್ಬರ ಅರ್ಜಿ, ಸರ್ಟಿಫಿಕೇಟುಗಳು ಮುಗಿದು ಇನ್ನೊಬ್ಬರವು ಶುರುವಾಗುವಲ್ಲಿ ಒಂದು ಖಾಲಿ ಹಾಳೆ ಇಟ್ಟು, ಇಡೀ ಕಟ್ಟನ್ನು ಯಂತ್ರಕ್ಕೆ ಕೊಡಬೇಕು. ಖಾಲಿ ಹಾಳೆ ಕಂಡೊಡನೆ ಕಂಪ್ಯೂಟರ್ ಒಂದು ಫೈಲು ಮುಗಿಸಿ ಇನ್ನೊಂದನ್ನು ತೆರೆಯುತ್ತದೆ. ನಮ್ಮ ಮನೆತನದಲ್ಲಿ ಅಣ್ಣತಮ್ಮಂದಿರು ಪಾಲಾಗಲು ಎರಡು ತಲೆಮಾರು ಹಿಡಿಯಿತು. ಇಲ್ಲಿ ಒಂದು ಹಾಳೆ ಸಾಕು. ಖಾಲಿ ಹಾಳೆಗಳನ್ನು ಎಣಿಸಿ ಕೊಡುವವನು ನಾನು, ನಡುನಡುವೆ ಸೇರಿಸಿ ಯಂತ್ರ ನಡೆಸುವವರು ರಾಜ್‌ಬೀರ್. ನನಗಿಂತ ಹಿರಿಯರು, ದಪ್ಪ ಮೀಸೆ, ಕಡಿಮೆ ಮಾತು, ಗುತ್ತಿಗೆಯ ನೌಕರಿ.

ಹೊಸ ಗಿರಾಕಿಯ ಮೊದಲ ಕಟ್ಟು ಬಂತು, ಇನ್ನೂರು ಜನರದು. ಮರುದಿನ ಬೆಳಿಗ್ಗೆ ನೋಡಿದರೆ ಇನ್ನೂರು ಜನರಿಗೂ ಸೇರಿ ಒಂದೇ ಫೈಲು! ತೆರೆಯಹೋದರೆ ಅದರ ಭಾರಕ್ಕೆ ಕಂಪ್ಯೂಟರೇ ಸ್ತಬ್ಧವಾಯಿತು. ತೆರೆದು ನೋಡುವ ಅಗತ್ಯವಾದರೂ ಏನಿತ್ತು? ರಾಜ್‌ಬೀರ್ ಹಾಳೆ ಇಡುವುದನ್ನೇ ಮರೆತಿದ್ದಾರೆ. ಇಟ್ಟಿದ್ದೆ ಎಂದು ಅವರು ಎರಡು ಸಲ ಹೇಳಿದರು. ನಾನು "ಅಚ್ಛಾ" ಎಂದೆ. ದೆಹಲಿಯಲ್ಲಿ ನಂಬದಿದ್ದಾಗ ಹೇಳಲು ಅದಕ್ಕಿಂತ ಒಳ್ಳೆಯ ಮಾತಿಲ್ಲ. ಅವರ ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಎಂದು ನಮ್ಮ ಮೇಲಧಿಕಾರಿ ಮೇಡಂ ಅಂದು ಸಂಜೆಯೇ ತೀರ್ಮಾನಿಸುವವರಿದ್ದರು. ನಾನು ಕುಳಿತು ಇಂಗ್ಲಿಷಿನಲ್ಲಿ ಒಂದು ದೂರು ಬರೆದೆ. ನನ್ನ ಇಂಗ್ಲಿಷು ಸಿಟ್ಟು ಬಂದಾಗ ಬಹಳ ಚೆನ್ನಾಗಿರುತ್ತದೆ. "ಗಮನವಿಲ್ಲದ, ಹೇಳಿದರೂ ಒಪ್ಪಿಕೊಳ್ಳದ ವ್ಯಕ್ತಿ" ಎಂಬ ಅರ್ಥದ ಸಾಲನ್ನಂತೂ ನಾನೇ ಮೂರು ಸಲ ಓದಿ ಸುಖಿಸಿದೆ.

ಊಟದ ಹೊತ್ತಿಗೆ ರಾಜ್‌ಬೀರ್ ಆ ಕಟ್ಟನ್ನೇ ಹೊತ್ತು ತಂದು ನನ್ನ ಟಿಫನ್ ಡಬ್ಬಿಯ ಪಕ್ಕದಲ್ಲಿಟ್ಟರು. ಅರ್ಜಿಗಳ ನಡುವೆ ಹಾಳೆಗಳು ಇದ್ದವು, ಒಂದೂ ತಪ್ಪಿರಲಿಲ್ಲ. ಪ್ರತಿ ಹಾಳೆಯ ನೆತ್ತಿಯ ಮೇಲೂ ದುಂಡಗೆ, ನನ್ನದೇ ಅಕ್ಷರದಲ್ಲಿ, "ಶ್ರೀ" ಎಂದಿತ್ತು.

ನಮ್ಮ ಮನೆಯಲ್ಲಿ ಶ್ರೀ ಬರೆಯದೆ ಹೊಸ ಹಾಳೆ ಮುಟ್ಟುವಂತಿರಲಿಲ್ಲ. ಬರೆಯದಿದ್ದರೆ ಅಪ್ಪ ಕಿವಿ ಹಿಂಡುತ್ತಿದ್ದರು. ಹಾಳೆ ಎಣಿಸುವಾಗ ನಾನು ಹೆಂಡತಿಯೊಡನೆ ಫೋನಿನಲ್ಲಿ ವಾದಿಸುತ್ತಿದ್ದೆ, ಕೈಯಲ್ಲಿ ಪೆನ್ನಿತ್ತು. ಬಾಯಿ ಜಗಳಕ್ಕೆ, ಕೈ ದೇವರಿಗೆ! ಅಕ್ಷರ ಬಿದ್ದ ಮೇಲೆ ಕಂಪ್ಯೂಟರಿನ ಪಾಲಿಗೆ ಅದು ಖಾಲಿ ಹಾಳೆ ಹೇಗಾದೀತು?

ಹಾಳೆ ಇಡುವಾಗ ಇದು ಕಾಣಲಿಲ್ಲವೇ ಎಂದು ಮೆಲ್ಲಗೆ ಕೇಳಿದೆ. ಆಗಲೂ ತಪ್ಪಿನ ಒಂದು ತುದಿ ಅವರ ಕೈಗೆ ಸಿಗಲಿ ಎಂಬ ಆಸೆ.

"ದೇಖಾ ಥಾ, ಸರ್ ಜೀ," ಎಂದರು ರಾಜ್‌ಬೀರ್. "ಆಪ್‌ನೇ ಲಿಖಾ ಹೈ ತೋ ಸೋಚ್‌ಕರ್ ಹೀ ಲಿಖಾ ಹೋಗಾ."

ಕಂಡಿತ್ತಂತೆ. ನಾನು ಬರೆದಿದ್ದೇನೆಂದರೆ ಯೋಚಿಸಿಯೇ ಬರೆದಿರುತ್ತೇನೆ ಎಂದು ನಂಬಿದ್ದರು ಪುಣ್ಯಾತ್ಮ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಡಬ್ಬಿ ಮುಚ್ಚಿ ಎದ್ದೆ.

ಮಧ್ಯಾಹ್ನವೆಲ್ಲ ಇಬ್ಬರೂ ಕುಳಿತು ಹೊಸ ಹಾಳೆಗಳನ್ನಿಟ್ಟು ಕಟ್ಟನ್ನು ಮತ್ತೆ ಸ್ಕ್ಯಾನ್ ಮಾಡಿದೆವು. ನನ್ನ ಪೆನ್ನನ್ನು ಅವರು ತಮ್ಮ ಜೇಬಿಗೆ ಹಾಕಿಕೊಂಡಿದ್ದರು. ಸಂಜೆ ಮೇಡಂ ಬಂದಾಗ ದೂರು ಮೇಜಿನ ಮೇಲೇ ಇತ್ತು. ಅಷ್ಟು ಒಳ್ಳೆಯ ಇಂಗ್ಲಿಷನ್ನು ಹರಿದುಹಾಕಲು ಮನಸ್ಸಾಗಲಿಲ್ಲ. ರಾಜ್‌ಬೀರ್ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದು ಕೊಟ್ಟೆ. ಇಂಥವರನ್ನು ಕೆಲಸದಲ್ಲಿ ಮುಂದುವರಿಸಬಾರದು ಎಂಬ ಕೊನೆಯ ಸಾಲನ್ನು ಮಾತ್ರ ತೆಗೆದೆ. ಒಬ್ಬ ಮನುಷ್ಯನ ಮೇಲೆ ಅಷ್ಟೊಂದು ಕಠಿಣವಾಗಬಾರದು ಎಂದು ಆಗ ತಾನೇ ನನಗೆ ಅನ್ನಿಸತೊಡಗಿತ್ತು.