ದೊರೆ ಕಲಿತ ಪಂಚಾಕ್ಷರಿ

ಹೆಂಡತಿ ಬೇಡವೆಂದ ಕೆಲಸವನ್ನು ಹಟ ಹಿಡಿದು ಮಾಡಿ, ಅದು ಕೆಟ್ಟ ಮೇಲೆ ಅವಳೆದುರಿಗೇ ಕೂತು ಊಟ ಮಾಡುವುದಿದೆಯಲ್ಲ, ಆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹನೂರಿನ ಆಚೆಯ ಹಳ್ಳಿಯಲ್ಲಿ ದೊಡ್ಡ ಕುಳವೆನಿಸಿಕೊಂಡಿದ್ದ ಶಿವರುದ್ರಸ್ವಾಮಿಯವರು, ದೊರೆ ಮನೆಗೆ ಬಂದಾಗಿನಿಂದ ಅಂಥ ಊಟವನ್ನೇ ಮಾಡುತ್ತಿದ್ದರು.

ದೊರೆ ಎಂದರೆ ನಾಯಿ. ಕಾಡಂಚಿನ ಹೊಲದ ಕಡಲೆಕಾಯಿಯನ್ನು ಹಂದಿಗಳು ಬಗೆದು ಹಾಕುತ್ತಿವೆಯೆಂದು ಹೂಗ್ಯಂನ ಗೆಳೆಯ ಕೆಂಚಯ್ಯನ ಮುಂದೆ ಗೋಳು ಹೇಳಿಕೊಂಡದ್ದಕ್ಕೆ, ಅವನು ತನ್ನ ಬೇಟೆನಾಯಿಯ ಮರಿಯೊಂದನ್ನು ಹಗ್ಗ ಕಟ್ಟಿ ಕೈಗೆ ಕೊಟ್ಟಿದ್ದ. ನಾಯಿ ಸಾಕುವುದು ನಮ್ಮ ಮನೆಗೆ ಆಗಿಬರುವುದಿಲ್ಲವೆಂದು ಹೆಂಡತಿ ಚನ್ನಾಜಮ್ಮ ಅಂದೇ ಹೇಳಿದ್ದರು. ಶಿವರುದ್ರಸ್ವಾಮಿಯವರು ಕೇಳಲಿಲ್ಲ. ಇದರಪ್ಪ ಹಂದಿಯ ಕಿವಿ ಕಚ್ಚಿದರೆ ಬಿಡುತ್ತಿರಲಿಲ್ಲವೆಂದು ಊರೆಲ್ಲ ಸಾರಿಕೊಂಡು ಬಂದರು. ಮಗ ದೊರೆಗೆ ಮಾತ್ರ ಹಂದಿಯ ಗೊಡವೆಯೇ ಬೇಕಿರಲಿಲ್ಲ. ಹೊಲಕ್ಕೆ ಕರೆದೊಯ್ದರೆ ಮರದ ನೆರಳಲ್ಲಿ ಗೊರಕೆ ಹೊಡೆಯುತ್ತಿತ್ತು. ಅದರ ಶೌರ್ಯ, ಪರಾಕ್ರಮ, ದಂಡಯಾತ್ರೆಗಳೆಲ್ಲ ಮನೆಯೊಳಗೆ, ಬೆಳ್ಳಿಯ ಮೇಲೆ.

ಬೆಳ್ಳಿ ಎಂದರೆ ಶಿವರುದ್ರಸ್ವಾಮಿಯವರ ತಾಯಿ ಗುರುಬಸಮ್ಮನವರು ಸಾಕಿದ ಬಿಳಿ ಬೆಕ್ಕು. ಗಂಡ ತೀರಿಕೊಂಡ ಮೇಲೆ ಆ ಮುದುಕಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅದರ ಜೊತೆಗೇ. (ಮಗ ಕೇಳಿಸಿಕೊಳ್ಳುತ್ತಿರಲಿಲ್ಲ, ಬೆಕ್ಕು ಕೇಳಿಸಿಕೊಳ್ಳುತ್ತಿತ್ತು.) ದೊರೆ ಬಂದ ಮೇಲೆ ಬೆಳ್ಳಿ ನೆಲದ ಮೇಲೆ ನಡೆಯುವುದನ್ನೇ ಬಿಟ್ಟು ಅಟ್ಟ, ಕಿಟಕಿ, ಕಣಜಗಳ ಮೇಲೆ ಸಂಸಾರ ಹೂಡಿತು.

ಒಂದು ಸೋಮವಾರ ಗುರುಬಸಮ್ಮ ಲಿಂಗಪೂಜೆಗೆ ಕೂತಿದ್ದಾಗ ಬೆಳ್ಳಿ ಎಲ್ಲಿಂದಲೋ ಓಡಿಬಂದು ಅವರ ತೊಡೆ ಏರಿತು. ಬೆನ್ನಿಗೇ ದೊರೆ ನುಗ್ಗಿತು. ಗಲಾಟೆ ನಿಂತ ಮೇಲೆ ನೋಡಿದರೆ ಬೆಳ್ಳಿ ಅಟ್ಟದಲ್ಲಿತ್ತು, ಅವ್ವ ಲಿಂಗವನ್ನು ಎದೆಗವಚಿಕೊಂಡು ಗೋಡೆಗೊರಗಿದ್ದರು, ಮಗುಚಿದ ತಟ್ಟೆಯ ನಡುವೆ ದೊರೆ ಹಣೆ ತುಂಬ ವಿಭೂತಿ ಧರಿಸಿ (ಯಜಮಾನರಿಗಿಂತ ಲಕ್ಷಣವಾಗಿ) ನಿಂತಿತ್ತು.

"ರುದ್ರ, ಬರೋ ತಿಂಗ್ಳು ಮಠದ ಅಯ್ನೋರು ಪಾದಪೂಜೆಗೆ ಬತ್ತಾವ್ರೆ" ಎಂದರು ಗುರುಬಸಮ್ಮ. ದನಿ ಏರಿಸಲೂ ಇಲ್ಲ. "ಅವತ್ತೂ ಇಂಗೇ ಆದ್ರೆ ನಾನು ಬೆಳ್ಳಿನ ಎತ್ಕಂಡು ಕುಂತೂರ್ಗೆ, ಮಗಳ ಮನೆಗೆ ಒಂಟೋಯ್ತೀನಿ. ನೀನು ನಾಯಿ ಸಾಕ್ಕಂಡಿರು."

ನಾಯಿಗೋಸ್ಕರ ಹೆತ್ತವ್ವನನ್ನು ಹೊರಗೆ ಹಾಕಿದ ಎಂದು ಊರು ಆಡಿಕೊಳ್ಳುವುದು ಶಿವರುದ್ರಸ್ವಾಮಿಯವರ ಕಿವಿಗೆ ಆಗಲೇ ಕೇಳಿಸಿತು. ಅಂದಿನಿಂದ ದೊರೆಗೆ ಅವ್ವನ ಪೂಜೆಯ ಹೊತ್ತಿನಲ್ಲಿ ಹೊಲವಾಸ, ಉಳಿದ ಹೊತ್ತಿನಲ್ಲಿ ವಿದ್ಯಾಭ್ಯಾಸ ಶುರುವಾಯಿತು. ಹೊಡೆದರೆ ಕುಂಯ್‌ಗುಟ್ಟಿ ಕಾಲು ನೆಕ್ಕಿ, ಮರುಗಳಿಗೆಯಲ್ಲಿ ಬೆಕ್ಕಿನ ಹಿಂದೆ ಓಡಿತು. ಕಟ್ಟಿಹಾಕಿದರೆ ಅದರ ಊಳಿಗೆ ನೆರೆಮನೆಯವರು ಯಾರು ಹೋದರೆಂದು ವಿಚಾರಿಸಲು ಬಂದರು. ಬೆಲ್ಲ ಕೊಟ್ಟು ನೋಡಿದ್ದಾಯಿತು, ತುಪ್ಪ ಸವರಿದ ಹೋಳಿಗೆಯನ್ನೂ ಕೊಟ್ಟಿದ್ದಾಯಿತು. ಹೋಳಿಗೆ ತಿಂದು ಹೊಸ ಹುರುಪಿನಿಂದ ಬೆಕ್ಕಿನ ಬೆನ್ನು ಹತ್ತಿತು.

ಜ್ಞಾನೋದಯವಾದದ್ದು ಕೊಳ್ಳೇಗಾಲದ ಸಂತೆಯಲ್ಲಿ. ಹಗ್ಗ ಹಿಡಿದಿದ್ದ ಯಜಮಾನರನ್ನು ದೊರೆ ಜನರ ನಡುವೆ ಎಳೆದುಕೊಂಡು, ಅವರು ಹುಟ್ಟಿದಾರಭ್ಯ ತಲೆ ಹಾಕದಿದ್ದ ಒಣಮೀನಿನ ಸಾಲಿಗೆ ತಂದು ನಿಲ್ಲಿಸಿತು. ಅಲ್ಲಿ ಒಂದು ಕುಕ್ಕೆಯ ಮುಂದೆ, ಯಾರೂ ಹೇಳದೆ, ಬಾಲವನ್ನೂ ಆಡಿಸದೆ ಕೂತುಬಿಟ್ಟಿತು. ಇಷ್ಟು ವಿನಯ ಈ ಪ್ರಾಣಿಯಲ್ಲಿ ಇದೆಯೆಂದು ಶಿವರುದ್ರಸ್ವಾಮಿಯವರಿಗೆ ಗೊತ್ತೇ ಇರಲಿಲ್ಲ. ಆದರೆ ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ ಇಟ್ಟುಕೊಂಡು ಮೀನಿಗೆ ಕೈಯೊಡ್ಡುವುದು ಹೇಗೆ? ಮೂಗು ಮುಚ್ಚಿಕೊಂಡು ಬಳೆ ಅಂಗಡಿಯ ಮರೆಗೆ ಹೋಗಿ ನಿಂತು, ಜೊತೆಗೆ ಬಂದಿದ್ದ ಆಳು ಪುಟ್ಟಮಾದಪ್ಪನನ್ನು ಕಳಿಸಿದರು.

"ಯಾರ್ಗೆ ಬುದ್ದಿ?" ಎಂದ ಪುಟ್ಟಮಾದಪ್ಪ.

"ನಾಯಿಗೆ ಕಣ್ಲಾ."

"ಅಂಗೇ ಅಂತೀನಿ ಬುಡಿ ಬುದ್ದಿ. ನನ್ ಬಾಯಿಂದ ಈಚೆಗೆ ಬರಕಿಲ್ಲ" ಎಂದು ಅವನು ನಂಬಿಗಸ್ತನಂತೆ ತಲೆಯಾಡಿಸಿದ. ಶಿವರುದ್ರಸ್ವಾಮಿಯವರಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೀನು ಬಂತು. ಇಡುವುದೆಲ್ಲಿ? ಚನ್ನಾಜಮ್ಮ ತಮ್ಮ ಧಾರೆಸೀರೆಯ ಅಂಚಿನಿಂದ ಹೊಲಿದುಕೊಟ್ಟಿದ್ದ ಎಲೆಯಡಿಕೆ ಚೀಲವೇ ಆ ಹೊತ್ತಿಗೆ ಕೈಗೆ ಸಿಕ್ಕಿತು. ದಿನಾ ಸಂಜೆ ಕೊಟ್ಟಿಗೆಯಲ್ಲಿ ಪಾಠ ನಡೆಯತೊಡಗಿತು. ವಾಸನೆಗೆ ಬೆಳ್ಳಿಯೂ ಅಟ್ಟದಿಂದಿಳಿದು ಬಂತು. ಬೆಕ್ಕನ್ನು ಕಂಡೂ ದೊರೆ ಅಲ್ಲಾಡದೆ ಕೂತರೆ ಅದಕ್ಕೊಂದು ಚೂರು, ಬೆಳ್ಳಿಗೊಂದು ಚೂರು. ಚೀಲಕ್ಕೆ ಕೈ ಹಾಕುವಾಗೆಲ್ಲ ಹೇಸಿಗೆ, ನಾಚಿಕೆ, ಪಾಪಭೀತಿ ಮೂರೂ ಸೇರಿ ಶಿವರುದ್ರಸ್ವಾಮಿಯವರ ಬಾಯಿಂದ "ಶಿವ ಶಿವ" ಎಂಬ ಮಾತು ತಾನಾಗಿ ಹೊರಡುತ್ತಿತ್ತು. ಕೆಲವೇ ದಿನಗಳಲ್ಲಿ ಚೀಲ ಕಾಣಿಸದಿದ್ದರೂ ಸರಿ, "ಶಿವ ಶಿವ" ಎಂದರೆ ಸಾಕು, ನಾಯಿ ಬೆಕ್ಕು ಎರಡೂ ಓಡಿಬಂದು ಒಂದರ ಪಕ್ಕ ಒಂದು ಕೂರತೊಡಗಿದವು.

ಅಷ್ಟರಲ್ಲಿ ಮನೆಯೊಳಗೆ ಇಲಿ ಸತ್ತ ವಾಸನೆಯೆಂದು ಹುಡುಕಾಟ ಶುರುವಾಯಿತು. ಅತ್ತೆ ಸೊಸೆ ಸೇರಿ ಕಣಜ ಸರಿಸಿದರು, ಅಟ್ಟ ಗುಡಿಸಿದರು. ಬೆಳ್ಳಿಯೇ ಎಲ್ಲೋ ಇಲಿ ಕೊಂದು ಹಾಕಿರಬೇಕೆಂದು ಚನ್ನಾಜಮ್ಮ ಅದಕ್ಕೆ ಬೈದರು. ಶಿವರುದ್ರಸ್ವಾಮಿಯವರೂ ಸೊಂಟದಲ್ಲಿ ಚೀಲ ಸಿಕ್ಕಿಸಿಕೊಂಡೇ ಮೂಲೆಮೂಲೆ ಹುಡುಕಿದರು. ನಿರಪರಾಧಿ ಬೆಕ್ಕು ತಮ್ಮ ಮುಖ ನೋಡಿದಾಗ ತಲೆ ತಗ್ಗಿಸಿದರು. ಅಂದೇ ಚೀಲವನ್ನು ಕೊಟ್ಟಿಗೆಯ ಹುಲ್ಲಿನೊಳಗೆ ಹುದುಗಿಸಿಟ್ಟರು.

ಪಾದಪೂಜೆಯ ದಿನ ಬಂತು. ನೆಂಟರು, ನೆರೆಹೊರೆಯವರು ನಡುಮನೆ ತುಂಬಿದರು. ಗುರುಗಳು ಮಣೆಯ ಮೇಲೆ ಕೂತರು. ಗುರುಬಸಮ್ಮ ಅವರ ಪಾದಕ್ಕೆ ನೀರೆರೆದು ಪತ್ರೆ ಏರಿಸುತ್ತಿದ್ದಂತೆ ಎಲ್ಲರೂ "ಓಂ ನಮಃ ಶಿವಾಯ" ಎಂದು ಒಕ್ಕೊರಲಿನಿಂದ ಶುರುಮಾಡಿದರು. ಹಿತ್ತಿಲ ಬಾಗಿಲಿಂದ ದೊರೆ ಬಂತು, ಅಟ್ಟದಿಂದ ಬೆಳ್ಳಿ ಇಳಿಯಿತು. ಎರಡೂ ಜನರನ್ನು ದಾಟಿ ಮುಂದೆ ಬಂದು, ಮೈಗೆ ಮೈ ತಾಗಿಸಿ, ಕತ್ತೆತ್ತಿ ಕೂತವು.

ಜಪ ನಿಂತಿತು. ಗುರುಬಸಮ್ಮನವರ ಕಣ್ಣಲ್ಲಿ ನೀರು ತುಂಬಿತು. ಹುಟ್ಟು ವೈರ ಬಿಟ್ಟು ಪ್ರಾಣಿಗಳು ಹೀಗೆ ಕೂರಬೇಕಾದರೆ ಈ ಮನೆಯಲ್ಲಿ ಏನು ಸಾಧನೆ ನಡೆದಿದೆಯೆಂದು ಗುರುಗಳು ಕೇಳಿದರು. ಶಿವರುದ್ರಸ್ವಾಮಿಯವರು ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ಅವ್ವನ ಮುಖ ಅಷ್ಟು ಅರಳಿದ್ದನ್ನು ಅವರು ವರ್ಷಗಳಿಂದ ಕಂಡಿರಲಿಲ್ಲ.

"ಏನಿಲ್ಲ ಬುದ್ದಿ. ದಿನಾ ಸಂಜೆ ಇವುಕ್ಕೆ ಪಂಚಾಕ್ಷರಿ ಯೋಳ್ಕೊಟ್ಟೆ ಅಷ್ಟೇಯ" ಎಂದುಬಿಟ್ಟರು.

"ನನ್ ಮಗ" ಎಂದು ಗುರುಬಸಮ್ಮ ಎಲ್ಲರ ಕಡೆ ತಿರುಗಿ ಹೇಳಿದರು. ಗುರುಗಳಿಗೂ ಸಂತೋಷವಾಗಿ, ಇನ್ನೊಮ್ಮೆ ಹೇಳೋಣವೆಂದರು. ಹೇಳಿದರು. ಮತ್ತೊಮ್ಮೆ ಹೇಳಿದರು. ನಾಮ ಏರುತ್ತ ಹೋಯಿತು, ಮೀನಿನ ಚೂರು ಬರಲಿಲ್ಲ. ದೊರೆ ಯಜಮಾನರ ಕೈ ನೋಡಿತು, ಸೊಂಟ ನೋಡಿತು, ಬೆಳ್ಳಿಯ ಮುಖ ನೋಡಿತು. ಆಮೇಲೆ ಎದ್ದು ಹೋಯಿತು.

ತಿರುಗಿ ಬಂದ ದೊರೆಯ ಬಾಯಲ್ಲಿ ಎಲೆಯಡಿಕೆ ಚೀಲವಿತ್ತು. ಬೇಟೆನಾಯಿ ತನ್ನ ಬಾಳಿನ ಮೊದಲ ಬೇಟೆಯನ್ನು ತಂದು, ಶಾಸ್ತ್ರೋಕ್ತವಾಗಿ ಯಜಮಾನರ ಪಾದದ ಬಳಿ ಇಟ್ಟಿತು. ಚೀಲ ಬಿಚ್ಚಿಕೊಂಡು ಮೀನು ನೆಲಕ್ಕೆ ಹರಡಿತು. ನೆಂಟರು ಸೆರಗು, ವಲ್ಲಿಗಳಿಂದ ಮೂಗು ಮುಚ್ಚಿದರು. ಚನ್ನಾಜಮ್ಮ ತಮ್ಮ ಧಾರೆಸೀರೆಯ ಅಂಚನ್ನು ಗುರುತು ಹಿಡಿದರು. ಹಿಂದಿನಿಂದ ಪುಟ್ಟಮಾದಪ್ಪ ಧಣಿಯ ಮಾನ ಉಳಿಸಲು ಮುಂದೆ ಬಂದು, "ಅದು ನಾಯಿಗೇಯ ತಂದಿದ್ದು. ದೇವ್ರಾಣೆಗೂ ಬುದ್ದಿಯೋರು ತಿನ್ನಕಿಲ್ಲ" ಎಂದ. ಅವನು ಆಣೆಯಿಟ್ಟ ರೀತಿಗೆ, ಅಲ್ಲಿಯವರೆಗೆ ಅನುಮಾನವಿಲ್ಲದವರಿಗೂ ಅನುಮಾನ ಬಂತು.

ಗುರುಗಳು ಮೀನನ್ನೊಮ್ಮೆ, ನಾಯಿ ಬೆಕ್ಕುಗಳನ್ನೊಮ್ಮೆ ನೋಡಿದರು. "ಭಕ್ತಿ ಬಂದಿರೋದು ದಿಟವೇ. ಯಾವುದರ ಮೇಲೆ ಅಂತ ಈಗ ಗೊತ್ತಾಯ್ತು" ಎಂದು ಹೇಳಿ ಎದ್ದರು.

ಗುರುಬಸಮ್ಮ ಕುಂತೂರಿಗೆ ಹೋಗಲಿಲ್ಲ. ಬೆಳ್ಳಿಗೆ ದೊರೆಯ ಕಾಟ ತಪ್ಪಿದ ಮೇಲೆ ಹೋಗುವುದಕ್ಕೆ ಕಾರಣವೇನಿತ್ತು? ತಾವೇ ನೆಲ ಸಾರಿಸಿದರು. ದೊರೆಯನ್ನು ಹೊಲಕ್ಕೆ ಅಟ್ಟುವ ಕೆಲಸವೂ ಇನ್ನು ಬೇಡವಾಯಿತು. ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಪೂಜೆಗೆ ಕೂತು "ಶಿವ ಶಿವ" ಎಂದರು. ನಾಯಿಯೂ ಬೆಕ್ಕೂ ಓಡಿಬಂದು ಎದುರಿಗೆ ಕೂತು, ಆಸೆಯಿಂದ ಲಿಂಗ ಹಿಡಿದ ಕೈಯನ್ನೇ ನೋಡತೊಡಗಿದವು. ಓಡಿಸಿದರು, ಮತ್ತೆ ಶಿವನ ಹೆಸರೆತ್ತಿದರು, ಮತ್ತೆ ಬಂದವು. ಅದರ ಮಾರನೆಯ ದಿನದಿಂದ ಅವ್ವನ ಪೂಜೆಯ ಸದ್ದು ಕೇಳಿಸಲೇ ಇಲ್ಲ.

ಶಿವರುದ್ರಸ್ವಾಮಿಯವರು ಬಾಗಿಲ ಮರೆಯಿಂದ ಇಣುಕಿದರು. ಅವ್ವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ತಮ್ಮಿಂದಾಗಿ ಆ ಹಿರಿಜೀವ ತನ್ನ ಮನೆಯಲ್ಲೇ ದೇವರ ಹೆಸರನ್ನು ಕದ್ದು ಹೇಳುವಂತಾಯಿತಲ್ಲ ಎಂದು ಅವರಿಗೆ ಅಳು ಬಂದುಬಿಟ್ಟಿತು. ಒಳಗೆ ಹೋಗಿ ಕಾಲ ಬಳಿ ಕೂತು, ನನ್ನಿಂದ ದೊಡ್ಡ ತಪ್ಪಾಯಿತು ಎಂದರು. ಗುರುಬಸಮ್ಮ ಬಾಗಿಲ ಕಡೆಗೊಮ್ಮೆ ನೋಡಿ, ಮಗನ ಕಿವಿಗೆ ಬಾಗಿದರು.

"ಮೆಲ್ಲುಗ್ ಮಾತಾಡು ಮಗ. ನಾನೂ ಮೆಲ್ಲುಗೇ ಯೋಳ್ಕತೀನಿ. ಶಿವುಂಗೆ ಕೇಳುಸ್ತದೆ, ನಾಯಿಗೆ ಕೇಳುಸ್ದಿದ್ರೆ ಸಾಕು."